ಗಾಳಣಿಯಲ್ಲಿ ನಿಲ್ಲದ್ದು

ಗ್ರಹಗಳ ಆಚೆ, ಕಾಲೂರಲು ನೆಲವೇ ಇಲ್ಲದ ಬರೀ ಆಕಾಶದಲ್ಲಿ ಜೀವ ಹುಟ್ಟಬಹುದೇ ಎಂದು ನಾನು ಒಮ್ಮೆ ಕೊಲ್ಹಾಪುರದಲ್ಲಿ ಭಾಷಣ ಮಾಡಿದೆ. ಭಾಷಣ ಚೆನ್ನಾಗಿತ್ತು. ಚೆನ್ನಾಗಿತ್ತು ಎಂಬುದೇ ಈಗ ನನ್ನನ್ನು ಕೊರೆಯುತ್ತದೆ. ನಾನು ತೊದಲಿದ್ದರೆ, ಜನ ಆಕಳಿಸಿದ್ದರೆ, ಅವ್ವ ನನ್ನ ಮಾತನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿರಲಿಲ್ಲ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಆ ಮಳೆಗಾಲವನ್ನು ಸುಖವಾಗಿ ದಾಟುತ್ತಿದ್ದಳೋ ಏನೋ.

ನಾನು ಗಡಹಿಂಗ್ಲಜದ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ತವರು ಇಚಲಕರಂಜಿ. ಶಿರೋಳದ ಕಡೆ ಹೊಲ ಮಾಡಿಕೊಂಡಿದ್ದ ಅಜ್ಜ ಊರು ಬಿಟ್ಟು ಇಚಲಕರಂಜಿಗೆ ಬಂದು ಮಗ್ಗ ಹಾಕಿದ. ಈಗ ದಾದಾ, ಅಂದರೆ ನಮ್ಮಣ್ಣ, ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುತ್ತಾನೆ. ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಜಗಳಕ್ಕೆ ಬಾಯಿಗೆ ಬಂದದ್ದು. ನಾವು ಜೈನರು. ಹೊತ್ತು ಮುಳುಗುವ ಮೊದಲು ಊಟ, ಗಾಳಿಸದ ನೀರು ಬಾಯಿಗಿಲ್ಲ. ನಾನು ಓದಿ ಬುದ್ಧಿವಂತೆಯಾದ ಮೇಲೆ ಊಟದ ಹೊತ್ತು ತಪ್ಪಿಸಿದ್ದುಂಟು, ನೀರಿನ ವಿಷಯದಲ್ಲಿ ಮಾತ್ರ ಅವ್ವ ನನ್ನನ್ನು ಬಿಟ್ಟಿಲ್ಲ.

ಅಂಗಳದಲ್ಲಿ ಅಜ್ಜನ ಕಾಲದ ಬಾವಿ ಇದೆ. ಅವ್ವ ಬೆಳಿಗ್ಗೆ ಸ್ನಾನ ಮಾಡಿ ನೀರು ಸೇದಿ, ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿ, ಅದರ ಮೇಲೆ ಸುರಿಯುತ್ತಿದ್ದಳು. ಬಟ್ಟೆ ದಾದಾನ ಮಗ್ಗದ್ದೇ. ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಸೂರ್ಯ ಕಾಣಿಸಿದರೆ ಆ ಬಟ್ಟೆ ನೆಲ ಒರೆಸಲು ಹೋಗಬೇಕು. ನೀರು ಗಾಳಿಸಿದ್ದಾದ ಮೇಲೆ ಅಸಲು ಕೆಲಸ ಶುರು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಗಾಳಿಸಿದ ನೀರಿನಿಂದಲೇ ಮೆಲ್ಲಗೆ ತೊಳೆದು ಒಂದು ತಾಮ್ರದ ತಂಬಿಗೆಗೆ ಇಳಿಸುತ್ತಿದ್ದಳು. ಅದಕ್ಕೆ ಜೀವಾಣಿ ಎನ್ನುತ್ತಾರೆ. ಜೀವಾಣಿಯನ್ನು ಮತ್ತೆ ಅದೇ ಬಾವಿಗೆ ಬಿಡಬೇಕು, ಬೇರೆ ನೀರಿಗೆ ಬಿಟ್ಟರೆ ಅವು ಸಾಯುತ್ತವೆ. ಮೇಲಿನಿಂದ ಸುರುವಿದರೂ ಪೆಟ್ಟಾಗುತ್ತದೆ. ಅದಕ್ಕೇ ಆ ತಂಬಿಗೆಯ ತಳದಲ್ಲಿ ಒಂದು ಕೊಂಡಿ, ಕೊಂಡಿಗೊಂದು ಬೇರೆ ಹಗ್ಗ. ತಂಬಿಗೆ ನೀರು ಮುಟ್ಟಿದ ಮೇಲೆ ಆ ಹಗ್ಗ ಎಳೆದರೆ ಅದು ನಿಧಾನವಾಗಿ ಬೋರಲಾಗಿ ತನ್ನ ಒಕ್ಕಲನ್ನು ಮನೆಗೆ ಮುಟ್ಟಿಸುತ್ತದೆ. ಚಿಕ್ಕವಳಿದ್ದಾಗ ಆ ಹಗ್ಗ ಎಳೆಯಲು ನಾನು ದಾದಾನ ಜೊತೆ ಹೊಡೆದಾಡುತ್ತಿದ್ದೆ.

ಊರಲ್ಲಿ ನಳ ಬಂತು, ಫಿಲ್ಟರ್ ಮಶೀನು ಬಂತು. ಅವ್ವ ಎರಡಕ್ಕೂ ಮೂಗು ಮುರಿದಳು. "ನಳದ ನೀರ ಗಾಳಿಸಿದರ ಜೀವಾಣಿ ಎಲ್ಲಿ ಬಿಡೂದು? ಗಟಾರದಾಗ? ಅವರ ಮನಿ ಎಲ್ಲೈತಿ ಅಂತ ನನಗೇನ ಗೊತ್ತು?" ಎಂಬುದು ಆಕೆಯ ವಾದ. ಸುತ್ತಲಿನ ಮನೆಯವರೆಲ್ಲ ಬಾವಿ ಮುಚ್ಚಿದರು, ನಾವು ಅದೇ ನೀರು ಕುಡಿಯುತ್ತ ಉಳಿದೆವು.

ವೈನಿ ಗರ್ಭಿಣಿಯಾದದ್ದು ಮದುವೆಯಾಗಿ ಒಂಬತ್ತು ವರ್ಷಕ್ಕೆ. ಹರಕೆ, ಔಷಧ, ಬಂಧುಗಳ ಚುಚ್ಚುಮಾತು, ಎಲ್ಲ ಮುಗಿದು ಆಸೆಯನ್ನೇ ಬಿಟ್ಟಾಗ ಆಯಿತು. ವೈನಿ ನನಗಿಂತ ಮೂರು ವರ್ಷ ಚಿಕ್ಕವಳು, ನನ್ನನ್ನು 'ಬಾಯಾರ', ಅಂದರೆ ಟೀಚರಮ್ಮ, ಎಂದು ಶಾಲೆಯ ಮಕ್ಕಳಂತೆ ಕರೆದು ಕಾಡುವವಳು. ಡಾಕ್ಟರಮ್ಮ ಮೊದಲ ದಿನವೇ ಹೇಳಿದರು, ಬಾವಿಯ ನೀರಾದರೆ ಕುದಿಸಿ ಆರಿಸಿಯೇ ಕುಡಿಯಬೇಕು. ನಾನೂ ಪಟ್ಟು ಹಿಡಿದೆ.

ಅವ್ವ ಒಪ್ಪಿದಳು, ಆದರೆ ಸುಲಭವಾಗಿ ಅಲ್ಲ. ನಮ್ಮ ಮನೆಯಲ್ಲಿ ಮಹಾರಾಜರ, ಅಂದರೆ ದಿಗಂಬರ ಮುನಿಗಳ, ಆಹಾರವಿದ್ದ ದಿನ ನೀರು ಕಾಯಿಸುವ ರೂಢಿ ಇತ್ತು. ಅದು ವ್ರತದವರಿಗೆ, ಅದಕ್ಕೆ ಶಾಸ್ತ್ರದ ಒಪ್ಪಿಗೆ ಇದೆ. ಸಂಸಾರದವರು ದಿನಾ ಒಂದು ಕೊಡ ಜೀವಗಳನ್ನು ಕುದಿಸುವುದೆಂದರೆ ಕೊಲೆ ಎಂದು ಅವ್ವ ತಿಳಿದಿದ್ದಳು. ಶಾಸ್ತ್ರ ಹಾಗೆ ಹೇಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಅವ್ವನ ಶಾಸ್ತ್ರ ಅವ್ವನದು. ಪಾತ್ರೆಯಲ್ಲಿ ನೀರು ಸದ್ದು ಮಾಡಲು ಶುರುವಾದರೆ ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತಿದ್ದಳು. ಕುದಿಸಿದ ಪಾಪಕ್ಕೆಂದು ದಿನಾ ಒಂದು ಜಪಮಾಲೆ ಹೆಚ್ಚಿಗೆ ಎಣಿಸುತ್ತಿದ್ದಳು. ಮೊಮ್ಮಗುವಿಗಾಗಿ ಪಾಪವನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಳು ಎನ್ನಬೇಕು.

ಭಾಷಣಕ್ಕೆ ಕರೆ ಬಂದದ್ದು ವೈನಿಗೆ ಆರನೆಯ ತಿಂಗಳಿದ್ದಾಗ. ಕೊಲ್ಹಾಪುರದ ಒಂದು ಸಭಾಗೃಹ, ಭಾನುವಾರ, ಕೇಳುವವರು ಹೆಚ್ಚಾಗಿ ನಮ್ಮ ಸಮಾಜದವರೇ. ಬರೀ ಆಕಾಶದ ಚಿತ್ರ ತೋರಿಸಿದರೆ ನಮ್ಮ ಜನ ಚಹಾ ಯಾವಾಗ ಎಂದು ಗಡಿಯಾರ ನೋಡುತ್ತಾರೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ಒಂದು ಉಪಾಯ ಹೂಡಿದೆ. ತವರಿಗೆ ಹೋದಾಗ ಅವ್ವನ ತಂಬಿಗೆಯಿಂದ ಒಂದಿಷ್ಟು ಜೀವಾಣಿಯನ್ನು ಬಾಟಲಿಗೆ ತುಂಬಿಕೊಂಡೆ. ಅವ್ವ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು ಹೇಳಿದಳು, "ನೋಡಿ ಆದಮ್ಯಾಲೆ ಪರತ ತಂದ ಕೊಡಬೇಕ. ಇಲ್ಲೇ ಬಿಡಬೇಕ ಅವನ್ನ." ನಾನು ಹೂಂ ಎಂದೆ.

ಗಡಹಿಂಗ್ಲಜದ ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ. ಪ್ರತಿ ವರ್ಷ ಹುಡುಗಿಯರಿಗೆ ಬಾವಿ ನೀರು, ಕೆರೆ ನೀರು ತೋರಿಸುವವಳು ನಾನು. ಒಂದು ಹನಿಯಲ್ಲಿ ಎಷ್ಟು ಕಾಣಬೇಕು ಎಂಬ ಅಂದಾಜು ನನಗಿದೆ. ಅಂದು ಕಂಡದ್ದು ಆ ಅಂದಾಜಿನದಲ್ಲ. ಕಿಕ್ಕಿರಿದಿದ್ದವು. ಕೂದಲಿನಂಥ ಕಾಲು ಬಡಿಯುವವು, ಗಿರಗಿರ ತಿರುಗುವವು, ಒಂದನ್ನೊಂದು ನುಂಗುವವು, ಮತ್ತು ಇವೆಲ್ಲವುಗಳ ಸಂದಿಯಲ್ಲಿ ಮಂಜಿನ ಹಾಗೆ ನಡುಗುತ್ತಿದ್ದ ಸಣ್ಣ ಸಣ್ಣ ಚುಕ್ಕೆಗಳು. ಇಷ್ಟು ಜೀವ ಬರೀ ನೀರನ್ನು ತಿಂದು ಬದುಕುವುದಿಲ್ಲ. ಯಾವುದೋ ಹೊಲಸು ನೀರಿಗೆ ಸೇರುತ್ತಿದೆ, ಅದನ್ನು ಉಂಡು ಇವು ಬೆಳೆಯುತ್ತಿವೆ ಎಂದು ಯಾವ ಹನ್ನೊಂದನೆಯ ತರಗತಿಯ ಹುಡುಗಿಯೂ ಹೇಳಿಯಾಳು. ಬಾವಿಯನ್ನು ಒಮ್ಮೆ ಪರೀಕ್ಷೆ ಮಾಡಿಸಬೇಕು ಎಂದುಕೊಂಡೆ. ಆಮೇಲೆ, ವೈನಿ ಹೇಗೂ ಕಾಯಿಸಿದ ನೀರು ಕುಡಿಯುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಂಡು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ. ಚಿತ್ರ ಭಾಳ ಚಂದ ಬಂದಿತ್ತು.

ಸಭೆಗೆ ಅವ್ವ, ದಾದಾ, ವೈನಿ ಮೂವರೂ ಬಂದಿದ್ದರು. ಅವ್ವ ಮದುವೆಗೆ ಉಡುವ ಸೀರೆ ಉಟ್ಟು ಮೊದಲ ಸಾಲಿನಲ್ಲೇ ಕೂತಿದ್ದಳು.

ನಾನು ಕೇಳಿದೆ, ಗ್ರಹ ಜೀವಕ್ಕೆ ಏನು ಕೊಡುತ್ತದೆ? ಗಾಳಿ, ನೀರು ಹಾರಿಹೋಗದಂತೆ ಅದುಮಿ ಹಿಡಿಯುತ್ತದೆ, ಬೆಚ್ಚಗಿಡುತ್ತದೆ, ಸುಡುವ ಕಿರಣಗಳಿಗೆ ಅಡ್ಡ ನಿಲ್ಲುತ್ತದೆ. ಇಷ್ಟೇ ತಾನೆ? ಇದಕ್ಕೆ ಒಂದಿಡೀ ಗ್ರಹವೇ ಬೇಕೆ? ಮೊಟ್ಟೆಯ ಚಿಪ್ಪಿನ ಮಾತು ಆಡಬೇಕೆಂದಿದ್ದೆ, ಅವ್ವನ ಮುಖ ನೋಡಿ ಎಳನೀರು ಎಂದೆ. ಎಳನೀರಿನ ಹಾಗೆ ಜೀವವೇ ತನ್ನ ಸುತ್ತ ಒಂದು ಗೋಡೆ ಕಟ್ಟಿಕೊಂಡರೆ? ಗಾಜಿನಂಥ ತೆಳು ಗೋಡೆ, ಒಳಗೆ ನೀರು, ಹೊರಗೆ ಏನೂ ಇಲ್ಲ. ನಕ್ಷತ್ರಗಳ ನಡುವೆ ಧೂಳಿದೆ, ಧೂಳಿಗೆ ಹಿಮ ಅಂಟಿದೆ, ಜೀವಕ್ಕೆ ಬೇಕಾದ ಸಾಮಾನು ಅದರಲ್ಲಿದೆ. ಆಕಾಶದಿಂದ ಬಿದ್ದ ಕಲ್ಲುಗಳಲ್ಲೂ ಅಂಥ ಸಾಮಾನು ಸಿಕ್ಕಿದೆ. ಸಾಮಾನು ಬಿದ್ದಿದ್ದರೆ ಮನೆ ಎದ್ದಿತು ಎಂದಲ್ಲ. ಅಲ್ಲಿ ಜೀವ ಹುಟ್ಟುವುದು ಕಷ್ಟ. ಎಲ್ಲೋ ಹುಟ್ಟಿ, ಗೋಡೆ ಕಟ್ಟುವುದನ್ನು ಕಲಿತು, ಅಲ್ಲಿಗೆ ಹಬ್ಬುವುದು ಅಷ್ಟು ಕಷ್ಟವಲ್ಲವೇನೋ. ಯಾರೂ ಕಂಡಿಲ್ಲ. ಆದರೆ ಆಗಲಾರದು ಎನ್ನುವ ನಿಯಮವೂ ಇಲ್ಲ.

ಇಷ್ಟು ಹೇಳಿ ಬಾವಿಯ ಚಿತ್ರವನ್ನು ಪರದೆಯ ಮೇಲೆ ಬಿಟ್ಟೆ. ಸಭೆಯೆಲ್ಲ ಹಾ ಎಂದಿತು. "ಇದು ನಮ್ಮವ್ವನ ಜೀವಾಣಿ" ಎಂದೆ. ಇನ್ನೊಮ್ಮೆ ಹಾ ಎಂದಿತು. ನನಗೆ ಕೊಂಬು ಬಂದವು. ಬರೆದುಕೊಂಡ ಹಾಳೆಯಲ್ಲಿ ಇಲ್ಲದ ಮಾತು ತಾನಾಗಿಯೇ ಬಾಯಿಗೆ ಬಂತು. ಲೋಕವೆಲ್ಲ ಸೂಕ್ಷ್ಮ ಜೀವಗಳಿಂದ ತುಂಬಿದೆ, ಸೂಜಿಯ ಮೊನೆ ಇಡಲೂ ಜಾಗವಿಲ್ಲ ಎಂದು ನಮ್ಮ ಹಿರಿಯರು ಸೂಕ್ಷ್ಮದರ್ಶಕ ಬರುವ ಮೊದಲೇ ಹೇಳಿದ್ದಾರೆ. ನಮ್ಮ ಅಜ್ಜಿಯರ ಎರಡು ಪದರ ಬಟ್ಟೆಯೇ ಪ್ರಯೋಗಶಾಲೆ. ಗಾಳಿಸಿದ ನೀರು ಕುಡಿಯುವ ಮನೆಗೆ ವಿಜ್ಞಾನ ಹೊಸದಾಗಿ ಕಲಿಸಬೇಕಾದದ್ದು ಏನೂ ಇಲ್ಲ, ಎಂದೆ. ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದರೆ ಹಾಳೆಯಲ್ಲಿದ್ದ ಮುಂದಿನ ಸಾಲನ್ನು ಬಿಟ್ಟೇಬಿಟ್ಟೆ. ಬಟ್ಟೆಯಲ್ಲಿ ನಿಲ್ಲುವುದು ದೊಡ್ಡ ಜೀವಗಳು ಮಾತ್ರ, ರೋಗ ತರುವ ಸಣ್ಣವು ಹೆಬ್ಬಾಗಿಲಿನಲ್ಲಿ ಇರುವೆ ನುಗ್ಗಿದಂತೆ ದಾಟಿಹೋಗುತ್ತವೆ ಎಂಬುದು ಆ ಸಾಲು.

ಚಹಾದ ಹೊತ್ತಿಗೆ ವೈನಿ ಪಕ್ಕಕ್ಕೆ ಬಂದಳು. ಒಂದು ಕೈ ಹೊಟ್ಟೆಯ ಮೇಲಿತ್ತು. "ಬಾಯಾರ, ಗ್ವಾಡಿ ಕಟ್ಟಿ ಒಳಗ ನೀರ ಇಟ್ಟಕೊಂಡ ತೇಲತೈತಿ ಅಂದ್ರೆಲ್ಲ, ನಂದೂ ಹಂಗ ಐತೆಲ್ರಿ ಈಗ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, "ಹೊರಗಿಂದು ಏನೂ ಒಳಗ ಬರೂದಿಲ್ಲೇನ್ರಿ ಅದಕ್ಕ?"

"ಬೆಳಕಷ್ಟ ಬರತೈತಿ, ವೈನಿ" ಎಂದೆ. ಯಾರೋ ನನ್ನನ್ನು ಹೊಗಳಲು ಕಾಯುತ್ತಿದ್ದರು, ಅತ್ತ ತಿರುಗಿದೆ.

ಮರುದಿನದಿಂದ ಅವ್ವ ನೀರು ಕುದಿಸುವುದನ್ನು ಬಿಟ್ಟಳು. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಆಕೆ ಕದ್ದು ಬಿಡಲಿಲ್ಲ. ಮಗಳು, ಅದೂ ಸೈನ್ಸ್ ಕಲಿಸುವ ಮಗಳು, ಮೈಕಿನಲ್ಲಿ ಇಷ್ಟು ಜನರ ಮುಂದೆ ಹೇಳಿದ್ದಾಳೆ ಎಂದಮೇಲೆ ಮತ್ತೆ ಯಾರನ್ನು ಕೇಳಬೇಕು? ಎರಡು ಪದರದ ಬಟ್ಟೆಯನ್ನು ನಾಲ್ಕು ಪದರ ಮಾಡಿದಳು. ಎರಡು ಘಳಿಗೆಗೊಮ್ಮೆ ಹೊಸದಾಗಿ ಗಾಳಿಸಿ ಸೊಸೆಗೆ ತನ್ನ ಕೈಯಿಂದಲೇ ಕುಡಿಸುತ್ತಿದ್ದಳು. ತಪ್ಪಿಸಿದ್ದೆಂದರೆ ಒಲೆಯನ್ನು ಮಾತ್ರ.

ಆ ಸಲದ ಮಳೆ ಹಿಡಿದದ್ದು ಬಿಡಲಿಲ್ಲ. ಫೋನು ಮಾಡಿದಾಗಲೆಲ್ಲ ಅವ್ವ ಸಣ್ಣ ಸಣ್ಣ ಸುದ್ದಿ ಹೇಳುತ್ತಿದ್ದಳು. ಓಣಿಯಲ್ಲಿ ಗಟಾರದ ಕೆಲಸಕ್ಕೆ ಅಗೆದ ತಗ್ಗು ಹಾಗೇ ತುಂಬಿ ನಿಂತಿದೆ. ಬಾವಿಯ ನೀರು ಎಂದೂ ಇಲ್ಲದಷ್ಟು ಮೇಲೆ ಬಂದಿದೆ, ಕೈ ಚಾಚಿದರೆ ಸಿಗುತ್ತದೆ. ಹಗ್ಗ ಎಳೆಯುವ ಕಷ್ಟವೇ ಇಲ್ಲ ಎಂದು ಸಂತೋಷದಿಂದ ಹೇಳಿದಳು. ಬಾವಿಯಲ್ಲಿದ್ದ ಎರಡು ಮೀನು ಈಗ ಕಾಣುತ್ತಿಲ್ಲ, ಮಳೆಗೆ ತಳ ಸೇರಿರಬೇಕು. ಗಾಳಣಿ ಬಟ್ಟೆ ಕೈಗೆ ಲೋಳೆ ಲೋಳೆ ಹತ್ತುತ್ತದೆ. ಒಂದೊಂದನ್ನೂ ಕೇಳಿದೆ, ಒಂದನ್ನೂ ಇನ್ನೊಂದಕ್ಕೆ ಜೋಡಿಸಲಿಲ್ಲ. ಬಾವಿ ಪರೀಕ್ಷೆ ಮಾಡಿಸಬೇಕೆಂದುಕೊಂಡದ್ದು ಪರೀಕ್ಷೆಯ ಪೇಪರುಗಳಡಿ ಎಲ್ಲೋ ಸಿಕ್ಕಿಕೊಂಡಿತ್ತು. ಆ ಬಾಟಲಿಯೂ ಅಷ್ಟೇ, ಪ್ರಯೋಗಶಾಲೆಯ ಕಿಟಕಿಯಲ್ಲಿ ಬಿಸಿಲಿಗೆ ಹಸಿರಾಗಿ, ಆಮೇಲೆ ಕಪ್ಪಾಗಿ, ಜವಾನ ಅದನ್ನು ತೊಟ್ಟಿಗೆ ಸುರುವಿದ್ದ.

ಎಂಟನೆಯ ತಿಂಗಳಲ್ಲಿ ವೈನಿಗೆ ಅನ್ನದ ವಾಸನೆ ಬೇಡವಾಯಿತು. ಎರಡು ದಿನ ಜ್ವರ ಬಂತು. ಮೂರನೆಯ ದಿನ ದಾದಾ ಮಧ್ಯಾಹ್ನ ಫೋನು ಮಾಡಿದ. ಹಿಂದೆ ಮಗ್ಗದ ಸದ್ದಿರಲಿಲ್ಲ. ನನಗೆ ನೆನಪಿದ್ದಂತೆ ಆ ಶೆಡ್ಡಿನ ಸದ್ದಿಲ್ಲದೆ ಅವನ ಧ್ವನಿ ಕೇಳಿದ್ದು ಅದೇ ಮೊದಲು. "ಕಣ್ಣ ಹಳದಿ ಆಗ್ಯಾವ. ಕೊಲ್ಹಾಪುರಕ್ಕ ಕರಕೊಂಡ ಹೊಂಟೇವಿ. ನೀ ಬಾ" ಎಂದ. ಗರ್ಭಿಣಿಗೆ ಬರುವ ಈ ನೀರಿನ ಕಾಮಾಲೆ ಎಂಥದ್ದೆಂದು ನಾನು ಪ್ರತಿ ವರ್ಷ ಪಾಠದಲ್ಲಿ ಹೇಳುತ್ತೇನೆ. ಬೇರೆಯವರನ್ನು ನಾಲ್ಕು ದಿನ ಮಲಗಿಸಿ ಬಿಟ್ಟುಬಿಡುತ್ತದೆ, ಗರ್ಭಿಣಿಯನ್ನು ಬಿಡುವ ಖಾತ್ರಿ ಇಲ್ಲ.

ಎಸ್.ಟಿ. ಬಸ್ಸಿನಲ್ಲಿ ಕೂತು ಒಂದೇ ಯೋಚನೆ ಮಾಡಿದೆ. ಆಕಾಶದಲ್ಲಿ ಜೀವ ಇದೆಯೋ ಇಲ್ಲವೋ ಎಂದು ಕೇಳುವಾಗ ನಾವೆಲ್ಲ ಇರಲಿ ಎಂದು ಆಸೆಪಡುತ್ತೇವೆ, ಜೀವವೆಂದರೆ ನಮ್ಮ ಕಡೆಯದು ಎಂಬಂತೆ. ಈ ರೋಗದ ವಿಷಾಣು ಜೀವವೆಂದು ಹೇಳಲೂ ಬಾರದ ಒಂದು ಕಣ. ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ಯಾರದೋ ಒಡಲು ಸಿಗುವವರೆಗೆ ಧೂಳಿನಂತೆ ಸುಮ್ಮನೆ ಬಿದ್ದಿರುತ್ತದೆ. ನಕ್ಷತ್ರಗಳ ನಡುವಿನ ಧೂಳಿನಲ್ಲಿ ಏನಾದರೂ ಕಾಯುತ್ತಿದ್ದರೆ ಅದೂ ಇಂಥದ್ದೇ ಇರಬಹುದು ಎನ್ನಿಸಿತು. ಕಿಟಕಿಯಾಚೆ ಕಬ್ಬಿನ ಹೊಲಗಳಲ್ಲಿ ನೀರು ನಿಂತಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಕೇಳಿದರು, "ಯಾವ ನೀರು ಕುಡಿಯುತ್ತಿದ್ದರು?"

"ಕಾಯಿಸಿದ್ದ ರೀ, ಮೊದಲಿಂದನೂ" ಎಂದ ದಾದಾ.

ಅವ್ವ ಸೆರಗು ತಿರುವುತ್ತ ನಿಂತಿದ್ದಳು. "ಅಲ್ರಿ. ಎರಡ ತಿಂಗಳಾತು, ಗಾಳಿಸಿದ್ದ ಕೊಡಾಕತ್ತೀನಿ" ಎಂದು ನನ್ನ ಮುಖ ನೋಡಿದಳು. ಅದರಲ್ಲಿ ದೂರಿರಲಿಲ್ಲ. ಸರಿಯಾದದ್ದನ್ನು ಮಾಡಿದ್ದೇನೆ, ನೀನೂ ಹೇಳು ಎಂಬ ಭರವಸೆ ಇತ್ತು. ನಾನು ಹೇಳಲಿಲ್ಲ.

ವೈನಿಗೆ ಆರು ದಿನ ಪ್ರಜ್ಞೆ ಇರಲಿಲ್ಲ. ಎರಡನೆಯ ದಿನ ಮಗು ಹುಟ್ಟಿತು, ಉಸಿರಿರಲಿಲ್ಲ. ಹೆಣ್ಣು. ದಾದಾ ಅದನ್ನು ತನ್ನ ಮಗ್ಗದ ಬಿಳಿ ಬಟ್ಟೆಯಲ್ಲೇ ಸುತ್ತಿಕೊಂಡು ಹೋದ. ಏಳನೆಯ ದಿನ ವೈನಿ ಕಣ್ಣು ತೆರೆದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

ಬಾವಿಗೆ ತಗಡು ಮುಚ್ಚಿದರು. ಗಟಾರದ ನೀರು ಬಾವಿಗೆ ಇಳಿದಿದೆ ಎಂಬ ಪರೀಕ್ಷೆಯ ವರದಿ ಬಂದಾಗ ದಾದಾ ಓದಿ ಮಡಚಿಟ್ಟ. ದೀಪಾವಳಿಯ ಮೊದಲು ನಾನು ರಜೆ ಹಾಕಿ ತವರಿಗೆ ಹೋದೆ. ವೈನಿ ಅಂಗಳದ ಬಿಸಿಲಿನಲ್ಲಿ ಕೂತಿದ್ದಳು, ಬಳೆಗಳು ಮೊಣಕೈವರೆಗೆ ಸರಿಯುತ್ತಿದ್ದವು. ಅಡುಗೆಮನೆಯಲ್ಲಿ ಅವ್ವ ನಳದ ನೀರನ್ನು ಬಟ್ಟೆಗೆ ಸುರಿಯುತ್ತಿದ್ದಳು. ಬಟ್ಟೆ ಎಂಟು ಪದರ ಆಗಿತ್ತು. ಒಲೆಯ ಮೇಲೆ ಪಾತ್ರೆ ಇರಲಿಲ್ಲ.

"ಇದನ್ನ ಕುದಸಂಗಿಲ್ಲೇನವ್ವಾ?" ಎಂದೆ.

"ಕುದಿಸಿದ್ದಕ್ಕ ಆತು ಇದೆಲ್ಲಾ" ಎಂದಳು, ಕೈ ನಿಲ್ಲಿಸದೆ. "ಐದ ತಿಂಗಳ ದಿನಾ ಒಂದ ಕೊಡ ಜೀವ ಕುದಿಸಿದ್ನೆಲ್ಲ, ಅವರ ಮಕ್ಕಳ ಸತ್ತೂವು, ನಮ್ಮ ಕೂಸ ಹೋತು. ಅದರ ಫಲಾ ಇದು. ಇನ್ನೊಮ್ಮೆ ಆ ಪಾಪ ಮಾಡಂಗಿಲ್ಲ. ಆಕಿಗೆ ಚಲೋತಂಗ ಗಾಳಿಸಿ ಕೊಡ್ತೀನಿ."

ಅಂದರೆ ವೈನಿ ಬದುಕಿ ಬಂದ ಮೇಲೂ ಕುದಿಸದ ನೀರನ್ನೇ ಕುಡಿಯುತ್ತಿದ್ದಳು. ನಾನು ಇನ್ನೂ ಬಾಯಿ ಮುಚ್ಚಿಕೊಂಡಿದ್ದರೆ ಮುಂದೆ ಏನಾಗುತ್ತಿತ್ತೋ ಎಂದು ಯೋಚಿಸಲು ಇವತ್ತಿಗೂ ಹೆದರಿಕೆಯಾಗುತ್ತದೆ.

"ಕುದಿಸಿದ್ದಕ್ಕ ಅಲ್ಲವ್ವಾ. ಕುದಸೂದ ಬಿಟ್ಟಿದ್ದಕ್ಕ" ಎಂದೆ. "ಅರಿವ್ಯಾಗ ಆ ರೋಗ ನಿಲ್ಲಂಗಿಲ್ಲ. ಎಷ್ಟ ಪದರ ಮಾಡಿದರೂ ನಿಲ್ಲಂಗಿಲ್ಲ. ನನಗ ಅವತ್ತೂ ಗೊತ್ತಿತ್ತು. ಬಾವಿ ಕೆಟ್ಟೈತಿ ಅಂತನೂ ಕಂಡಿತ್ತು ನನಗ, ಆ ಹನಿ ನೋಡಿದಾಗ."

ಅವ್ವನ ಕೈ ನಿಂತಿತು.

"ಮತ್ತ ಅಷ್ಟ ಮಂದಿ ಮುಂದ ಹಂಗ ಯಾಕ ಅಂದಿ?"

"ಚಪ್ಪಾಳಿ ಬೀಳ್ತಾವಂತ, ಅವ್ವಾ."

ಅವ್ವ ಅಳಲಿಲ್ಲ, ಬೈಯಲೂ ಇಲ್ಲ. ಕೊಡದ ಬಾಯಿಂದ ಒದ್ದೆ ಬಟ್ಟೆಯನ್ನು ಬಿಚ್ಚಿದಳು. "ಮಹಾರಾಜರಿಗೆ ಕಾಸಿ ಕೊಟ್ಟ ನೀರ ನನ್ನ ಸೊಸಿಗೆ ಕೊಡಲಿಲ್ಲ ನಾ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ದೊಡ್ಡ ಪಾತ್ರೆ ಇಳಿಸಿ, ನೀರು ತುಂಬಿ, ಗ್ಯಾಸ್ ಹಚ್ಚಿದಳು. ಸದ್ದು ಶುರುವಾದಾಗ ಈ ಸಲ ಹೊರಗೆ ಹೋಗಲಿಲ್ಲ, ಅಲ್ಲೇ ಒಲೆಯ ಮುಂದೆ ನಿಂತು ಕೊನೆಯವರೆಗೂ ನೋಡಿದಳು. ಅಂದಿನಿಂದ ದಿನಾ ಕುದಿಸುತ್ತಾಳೆ. ನಾನು ಹೋದಾಗ ಊಟಕ್ಕೆ ಕರೆಯುತ್ತಾಳೆ, ಆರೋಗ್ಯ ಕೇಳುತ್ತಾಳೆ. ನನ್ನ ಪಾಠದ ಬಗ್ಗೆ ಕೇಳುವುದನ್ನು ಬಿಟ್ಟಿದ್ದಾಳೆ.

ಆ ದಿನ ನಾನು ಆರಿದ ನೀರನ್ನು ಲೋಟಕ್ಕೆ ಹಾಕಿಕೊಂಡು ಅಂಗಳಕ್ಕೆ ಹೋದೆ. ಅಡುಗೆಮನೆಯ ಕಿಟಕಿ ತೆರೆದೇ ಇತ್ತು, ಮಾತೆಲ್ಲ ಅಲ್ಲಿಗೆ ಕೇಳಿಸಿರಬೇಕು. ವೈನಿ ಲೋಟ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೀರನ್ನು ನೋಡಿದಳು.

"ಬೆಳಕಷ್ಟ ಬರತೈತಿ ಅಂದಿದ್ರಿ, ಬಾಯಾರ" ಎಂದಳು.

ನೀರು ಕುಡಿದು ಲೋಟವನ್ನು ನನ್ನ ಕೈಗೆ ಕೊಟ್ಟಳು.